ಬದಲಿ ಮದ್ದು

ಬಾಳೆಲೆಯ ಕಾಫಿ ಗೋದಾಮಿನ ಮೂಲೆಯಲ್ಲಿ ನನ್ನ ಬೆಂಚು.
ಪಕ್ಕದಲ್ಲಿ ಚೀಯವ್ವ ಮಾವಿಯ ಬೆತ್ತದ ಕುರ್ಚಿ.
ಬೀಡಿ ಸೇದುವವರು ಹೊರಗೆ. ಬೋರ್ಡು ಬರೆದಿಲ್ಲ,
ಮಾವಿಯ ಕಣ್ಣು ಸಾಕು.

ಹಳೆಯ ಕೇಪು ಕಿತ್ತು ಹೊಸದನ್ನು ಒತ್ತುತ್ತೇನೆ.
ಹಿತ್ತಾಳೆಯ ತೋಟೆ, ನನ್ನ ಕಿರುಬೆರಳಿನುದ್ದ.
ಮದ್ದು ಅಳೆಯುವುದು ತೂಕದಲ್ಲಲ್ಲ,
ಅಕ್ಕಿ ಅಳೆದ ಹಾಗೆ, ಬಾಯಿಮಟ್ಟ ತುಂಬಿ ತೀಡಿ.
ಹಗುರ ಸರಕು ಇದು. ತೂಗಲು ಹೋದವರು ಕೆಟ್ಟರು.

"ಇದು ಯಾವ ಮದ್ದು?"
ಪ್ರತಿ ವರ್ಷ ಕೇಳುತ್ತಾಳೆ.
ಕರಿಮದ್ದಿಗೆ ಬದಲು ಬಂದದ್ದು, ಮಾವಿ.
"ನನ್ನ ಬಿ.ಪಿ.ಗೂ ಗೋಣಿಕೊಪ್ಪದವನು ಬದಲಿ ಕೊಟ್ಟ.
ಹೆಸರು ಬೇರೆ, ಗುಣ ಅದೇ ಅಂದ.
ತಲೆ ಮಾತ್ರ ಹಿಂದಿನ ಹಾಗೇ ಸುತ್ತುತ್ತದೆ."
ಒಂದು ಚಿಟಿಕೆ ಮೂಗಿಗೆ ಹಿಡಿದಳು. ಗಂಧಕದ ಸುಳಿವಿಲ್ಲ.
"ವಾಸನೆಯಿಲ್ಲದ ಮದ್ದಿಗೆ ಸತ್ತವರು ಏಳುತ್ತಾರಾ?"
ಏಳಬಾರದಲ್ಲ ಮಾವಿ, ಅದಕ್ಕೇ.

ನಮ್ಮಲ್ಲಿ ಸಾವಿಗೆ ಎರಡು ಗುಂಡು.
ಜೋಡಿ ಸದ್ದು ಬಂದರೆ ಗದ್ದೆಯಲ್ಲಿ ಬಗ್ಗಿದವರು
ಬೆನ್ನು ನೆಟ್ಟಗೆ ಮಾಡಿ, ಯಾವ ಮನೆ ಎಂದು ದಿಕ್ಕು ಹಿಡಿಯುತ್ತಾರೆ.
ಮಾವಿಯ ಎರಡನ್ನು
ಹನ್ನೊಂದು ವರ್ಷದಿಂದ ನಾನು ತುಂಬುತ್ತಿದ್ದೇನೆ.

ಹಳೆ ಕಂಬಳಿಯಿಂದ ಕೊರೆದ ಬಿಲ್ಲೆ,
ಅದಕ್ಕೆ ಜೇನುಮೇಣ, ಹಂದಿಕೊಬ್ಬು ಸವರುವುದು ಅವಳೇ.
("ಸ್ವಲ್ಪ ಕಾಳುಮೆಣಸು ಇದ್ದಿದ್ದರೆ ತಿನ್ನಬಹುದಿತ್ತು.")
ಮದ್ದಿಗೂ ಗುಂಡಿಗೂ ನಡುವೆ ಗಾಳಿ ಉಳಿಯಬಾರದು.
ಉಳಿದರೆ ನಳಿಗೆ ಉಬ್ಬುತ್ತದೆ, ಕಣ್ಣು ಹೋಗುತ್ತದೆ.
ಮುಗಿದದ್ದನ್ನು ಕಿವಿಯ ಬಳಿ ಅಲ್ಲಾಡಿಸುತ್ತಾಳೆ,
ಸಂತೆಯಲ್ಲಿ ತೆಂಗಿನಕಾಯಿ ಆರಿಸುವವಳಂತೆ.
ಕೇಳಿಸದಿದ್ದರೆ ಸರಿ.

ಆದರೆ ಮದ್ದು ತೇವ ಕುಡಿಯುತ್ತದೆ.
ಕಕ್ಕಡದಲ್ಲಿ ಭರಣಿಯ ಉಪ್ಪೇ ನೀರಾಗುವ ಊರು ಇದು.
ಹಾಗಾಗಿ ಕೈಲ್‌ಪೊಳ್ದ್ ದಿನ, ಹೋದ ವರ್ಷದ ಸಾವನ್ನು
ಮರದ ತುದಿಯ ಕಾಯಿಗೆ ಹೊಡೆದು ಮುಗಿಸಿ
ಹೊಸದು ತುಂಬಿಡುತ್ತೇವೆ.

ಈ ಸಲ ಅವಳೇ ಹೊಡೆಯುತ್ತೇನೆಂದಳು. ತೊಂಬತ್ತೊಂದು.
ನಳಿಗೆಯ ಬಾಯಲ್ಲಿದ್ದ ತೋಕ್‌ಪೂ ತೆಗೆದು ನನ್ನ ಕೈಗಿಟ್ಟಳು.
ಮೋಟುಗೋಡೆಯ ಮೇಲೆ ಕೋವಿ,
ಹಿಂದೆ ಅವಳ ಹೆಗಲಿಗೆ ನನ್ನ ಹೆಗಲು.

ಮೊದಲನೆಯದು ಹಾರಿತು. ಅಂಗಳ ತುಂಬ ಬಿಳಿ ಹೊಗೆ.
ಹೊಗೆ ಹೋದ ಮೇಲೆ ಕಾಯಿ ಅಲ್ಲೇ ಇತ್ತು.
ಎರಡನೆಯದು
ಟಿಕ್.

ಯಾರೂ ಅಲ್ಲಾಡಬೇಡಿ ಅಂದೆ. ನಳಿಗೆ ಮರದ ಕಡೆಗೇ ಇರಲಿ.
ಒಮ್ಮೊಮ್ಮೆ ಮದ್ದು ತಡವಾಗಿ ಮನಸ್ಸು ಮಾಡುತ್ತದೆ.
ಅರವತ್ತು ಎಣಿಸಬೇಕು. ಮಕ್ಕಳೂ ಜೊತೆಗೆ ಎಣಿಸಿದರು.
ನಲವತ್ತರ ಹತ್ತಿರ, ಹಿಡಿಗೆ ಒತ್ತಿದ ಕೆನ್ನೆ ಎತ್ತದೆ ಮಾವಿ ಅಂದಳು:
"ಒಂದೇ ಗುಂಡಾದರೆ ಅದು ಹುಟ್ಟು.
ನಾನು ಹುಟ್ಟಿದಾಗ ಹೊಡೆದಿರಲಿಲ್ಲ. ಹೆಣ್ಣಲ್ಲವಾ.
ಬಾಕಿ ಇತ್ತು."

ಮುಚ್ಚದ ಕಣ್ಣು ಕಾಯಿಯ ಮೇಲೇ.
ಐವತ್ತೆಂಟು. ಐವತ್ತೊಂಬತ್ತು.

ರಾತ್ರಿಯೇ ತೊಳೆಯಬೇಕು, ಊಟ ಆಮೇಲೆ.
ಕೊಳೆ ಕಡಿಮೆ ಎಂದು ಡಬ್ಬಿಯ ಮೇಲೆ ಬರೆದಿದೆ;
ಡಬ್ಬಿಗೆ ನಮ್ಮ ಗಾಳಿ ಗೊತ್ತಿಲ್ಲ.
ಬೆಳಗಾದರೆ ನಳಿಗೆಯೊಳಗೆ ಕೆಂಪು ತುಕ್ಕು.
ಕುದಿನೀರು ಹೊಯ್ದರೆ ಇನ್ನೊಂದು ತುದಿಯಲ್ಲಿ ಮಸಿ ಇಳಿಯುತ್ತದೆ.
ಮಾವಿಯ ಹಳೆ ಸೀರೆಯ ಚಿಂದಿ ಸರಳಿಗೆ ಸುತ್ತಿ ಎಳೆಯುತ್ತೇನೆ:
ಕಪ್ಪು, ಕಪ್ಪು, ಕಂದು, ಹಾಲು ಹೆಚ್ಚಾದ ಚಹಾ,
ಕೊನೆಗೆ ಸೀರೆಯ ಸ್ವಂತ ಬಣ್ಣ.
ಆಮೇಲೆ ಎಣ್ಣೆ.

ಹಾರದ ತೋಟೆಯನ್ನು ಬಿಚ್ಚಿದೆ. ಒಳಗೆ ಮದ್ದು
ಮಳೆಗಾಲದ ಸಕ್ಕರೆಯಂತೆ ಹೆಪ್ಪುಗಟ್ಟಿತ್ತು.
ಬಕೆಟ್ಟಿನ ನೀರಿಗೆ ಸುರಿದೆ. ಸದ್ದೇ ಇಲ್ಲದೆ ಕರಗಿತು.

ಒಲೆಯ ಮುಂದೆ ಮಾವಿ
ಹಂದಿಸಾರಿಗೆಂದು ಇಟ್ಟ ಕಾಚಂಪುಳಿಯನ್ನು ಕದ್ದು
ಎರಡೂ ಹಿತ್ತಾಳೆಗಳನ್ನು ತಿಕ್ಕುತ್ತಿದ್ದಾಳೆ,
ದೀಪ ತಿಕ್ಕುವ ಅದೇ ಬೂದಿಯಲ್ಲಿ, ಅದೇ ನಾರಿನಲ್ಲಿ.
ತೊಳೆದು, ಅಟ್ಟದ ಕೆಳಗೆ ಬೋರಲಿಟ್ಟಳು.

"ನಾಳೆ ತುಂಬು."
ನಾಡಿದ್ದು, ಮಾವಿ. ಒಳಗೆ ಇನ್ನೂ ಒದ್ದೆ ಇದೆ.